ಧವಳಿಯ ಕೊರಳಪಟ್ಟಿ

ಗದಗ ಸೀಮೆಯ ಒಂದು ಕೆರೆಗೆ ಪ್ರತಿ ಚಳಿಗಾಲ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ, ಮಕ್ಕಳೇ. ಒಂದು ವರ್ಷ ಪಕ್ಷಿಗಳ ಅಧ್ಯಯನ ಮಾಡುವವರು ಧವಳಿ ಎಂಬ ಹೆಬ್ಬಾತಿನ ಕೊರಳಿಗೆ ಪುಟ್ಟ ಯಂತ್ರದ ಪಟ್ಟಿ ತೊಡಿಸಿ ಬಿಟ್ಟರು. ಅಂದಿನಿಂದ ಅವಳನ್ನು ಹಿಡಿಯುವವರೇ ಇಲ್ಲ.

"ಇದು ಉಪಗ್ರಹಗಳ ಜೊತೆ ಮಾತಾಡುತ್ತೆ. ಇನ್ಮೇಲೆ ದಾರಿ ತೋರಿಸೋಳು ನಾನೇ!"

ಲಾರಿ ಸ್ಟ್ಯಾಂಡಿನಲ್ಲಿ ಗೂಡು ಕಟ್ಟಿದ್ದ ಗೊರವಂಕ ನಕ್ಕಿತು. "ಅದು ಮಾತಾಡಲ್ಲ ಕಣೇ, ಕೇಳಿಸಿಕೊಳ್ಳುತ್ತೆ. ಒಂದೊಂದು ಉಪಗ್ರಹವೂ 'ನಾನಿಲ್ಲಿದ್ದೀನಿ, ಈಗ ಗಂಟೆ ಇಷ್ಟು' ಅಂತ ಕೂಗ್ತಾ ಇರುತ್ತೆ. ಕೂಗು ಮುಟ್ಟೋಕೆ ಎಷ್ಟು ಹೊತ್ತಾಯ್ತು ಅನ್ನೋದರಿಂದ ಅದೆಷ್ಟು ದೂರ ಅಂತ ತಿಳಿಯುತ್ತೆ. ನಾಲ್ಕು ಕೂಗು ಸಿಕ್ಕರೆ ನೀನೆಲ್ಲಿದ್ದೀಯ ಅಂತ ಲೆಕ್ಕ ಸಿಗುತ್ತೆ. ಅದನ್ನೂ ಪಟ್ಟಿ ತೊಡಿಸಿದವರಿಗೆ ಕಳಿಸುತ್ತೆ, ನಿನಗಲ್ಲ."

"ಲಾರಿಯವರಿಗೆ ಇಂಥದ್ದೇ ಯಂತ್ರ ದಾರಿ ಹೇಳುತ್ತಲ್ಲ?"

"ಅವರ ಫೋನಿನಲ್ಲಿ ನಕ್ಷೆ ಇದೆ. ಹೋಗಬೇಕಾದ ಊರನ್ನೂ ಅವರೇ ಹೇಳಿರ್ತಾರೆ. ನಿನ್ನ ಪಟ್ಟಿಯಲ್ಲಿ ಎರಡೂ ಇಲ್ಲ."

"ಹೊಟ್ಟೆಕಿಚ್ಚು ನಿನಗೆ!" ಎಂದು ಧವಳಿ ರೆಕ್ಕೆ ಕೊಡವಿದಳು.

ಚಳಿ ಕಳೆದ ಮೇಲೆ ಹಿಂಡು ಉತ್ತರಕ್ಕೆ ಹೊರಟಿತು. ಬಯಲಿನಲ್ಲಿ ಸರದಿಯ ಮೇಲೆ ಯಾರು ಬೇಕಾದರೂ ಮುಂದೆ ಹಾರಬಹುದು. ಬೆಟ್ಟ ಬಂದಮೇಲೆ ಹಿರಿಯಜ್ಜಿ ಶಿಖೆಯೇ ಮುಂದೆ. ಅದು ಅವರ ಪದ್ಧತಿ. ಬೆಟ್ಟ ಬಂದಾಗ ಮುಂದಿದ್ದ ಧವಳಿ ಜಾಗ ಬಿಡಲಿಲ್ಲ. ಅವಳ ಬೆನ್ನಿಗೇ ಮಗಳು ಮಿಂಚು, ಹುಟ್ಟಿದೂರಿಗೆ ಮೊದಲ ಸಲ ಮರಳುತ್ತಿದ್ದಳು.

"ಎಡಕ್ಕೆ ತಿರುಗೇ ತಾಯಿ! ಬಲಗಡೆ ಕಣಿವೆಗೆ ಆಚೆ ದಾರಿಯಿಲ್ಲ," ಎಂದು ಶಿಖೆ ಕೂಗಿದಳು.

"ತಪ್ಪಿದ್ದರೆ ಪಟ್ಟಿ ಹೇಳ್ತಿತ್ತು ಅಜ್ಜಿ. ಸುಮ್ಮನಿದೆ ಅಂದಮೇಲೆ ದಾರಿ ಸರಿ!"

ಹಿಂಡು ಅಜ್ಜಿಯ ಹಿಂದೆ ಎಡಕ್ಕೆ ಹೊರಳಿತು. ಮಿಂಚು ಅಮ್ಮನ ಹಿಂದೆ ಬಂದಳು. ಪಾಪ, ಅವಳು ಇನ್ಯಾರ ಹಿಂದೆ ಹೋದಾಳು?

ಕಣಿವೆಯ ಕೊನೆಯಲ್ಲಿ ಹಿಮದ ಗೋಡೆ. ತಿರುಗುವಷ್ಟರಲ್ಲಿ ಹಿಮಗಾಳಿ ಎದ್ದು, ತಾವು ಬಂದ ದಿಕ್ಕೂ ಕಾಣದೆ ಇಬ್ಬರೂ ಹಿಮದ ಮೇಲಿಳಿದರು.

"ಅಮ್ಮಾ, ಎಲ್ಲಿದ್ದೀವಿ?"

ಧವಳಿಗೆ ಗೊತ್ತಿರಲಿಲ್ಲ. ಪಟ್ಟಿಗೆ ಗೊತ್ತಿತ್ತು. "ಯಾವ ಕಡೆ ಹೋಗಲಿ, ಹೇಳು!" ಎಂದು ಅದನ್ನು ಕುಕ್ಕಿದಳು, ಬೇಡಿಕೊಂಡಳು, ಅತ್ತಳು. ಅದಕ್ಕೆ ಬಾಯಿಯೇ ಇಲ್ಲ. ರೆಕ್ಕೆಯಡಿಯಲ್ಲಿ ಮಿಂಚು ತಣ್ಣಗಾಗುತ್ತಾ ಬಂದಳು. ಕೊನೆಗೆ ಅಮ್ಮಾ ಎನ್ನುವುದನ್ನೂ ನಿಲ್ಲಿಸಿದಳು. ಆ ಸಂಕಟ ಯಾವ ತಾಯಿಗೂ ಬೇಡ.

ಧವಳಿ ಮಗಳನ್ನು ಬಿಟ್ಟು ಏಳಲಿಲ್ಲ. ಮೇಲೆ ಹಿಮ ಬೀಳುತ್ತಲೇ ಇತ್ತು. ಅವಳು ಎಲ್ಲಿ ಕೂತಿದ್ದಾಳೆಂದು ಪಟ್ಟಿ ದೂರದ ಊರಿಗೆ ತಿಳಿಸುತ್ತಲೇ ಇತ್ತು, ಒಂಚೂರೂ ತಪ್ಪಿಲ್ಲದೆ.

ನೀತಿ: ಇರುವ ಜಾಗ ಹೇಳುವ ಯಂತ್ರವನ್ನು ದಾರಿ ಬಲ್ಲ ಹಿರಿಯರೆಂದು ನಂಬಿದರೆ, ನಮ್ಮನ್ನು ನಂಬಿದವರೂ ಕೆಡುತ್ತಾರೆ.