ಬಲಕ್ಕೆ ಮಾತ್ರ ತಿರುಗುವ ಮುಂಗುಸಿ

ಮಕ್ಕಳೇ, ಒಂದು ಹೊಂಗೆಯ ತೋಪು ಇತ್ತು. ಅದಕ್ಕೆ ಅಂಟಿಕೊಂಡಂತೆ ಒಂದು ಕೆರೆ. ಕೆರೆಯ ಏರಿಯ ಮೇಲೆ ಕುಳಿತರೆ ತೋಪಿನ ನಡುವಿನ ಬಯಲು ಪೂರ್ತಿ ಕಾಣುತ್ತಿತ್ತು. ಆ ಬಯಲಿನಲ್ಲಿ ಕೆರೆಯ ಪ್ರಾಣಿಗಳು ಬುಟ್ಟಿಚೆಂಡು ಆಡುತ್ತಿದ್ದವು.

ಆಟ ನಿಮಗೂ ಗೊತ್ತಿರುವಂಥದ್ದೇ. ಬಯಲಿನ ಎರಡೂ ತುದಿಯ ಕೊಂಬೆಗಳಿಗೆ ತಳವಿಲ್ಲದ ಬುಟ್ಟಿ ಕಟ್ಟಿರುತ್ತಾರೆ. ಬಳ್ಳಿ ಸುತ್ತಿ ಮಾಡಿದ ಚೆಂಡನ್ನು ನೆಲದ ಮೇಲೆ ಉರುಳಿಸಿಕೊಂಡು ಹೋಗಿ ಎದುರಾಳಿಯ ಬುಟ್ಟಿಗೆ ಹಾಕಬೇಕು. ಎತ್ತಿಕೊಂಡು ಓಡುವ ಹಾಗಿಲ್ಲ. ಇನ್ನೊಂದು ಕಟ್ಟುನಿಟ್ಟಾದ ನಿಯಮವೂ ಇತ್ತು. ತೋಪಿನಲ್ಲಾಗಲಿ ಏರಿಯ ಮೇಲಾಗಲಿ ಯಾರೂ ಯಾರನ್ನೂ ತಿನ್ನಬಾರದು. ಅದರಾಚೆಗೆ ಅವರವರ ಹಣೆಬರಹ!

ಈ ನಿಯಮ ಇದ್ದದ್ದರಿಂದಲೇ ಕಪ್ಪೆ ಚೆನ್ನಿಗಪ್ಪನೂ ಕೊಕ್ಕರೆ ಸಾಕವ್ವನೂ ಅಕ್ಕಪಕ್ಕ ಕುಳಿತು ಆಟ ನೋಡುತ್ತಿದ್ದರು. ಚೆನ್ನಿಗಪ್ಪ ಒಂದು ದಿನವೂ ಚೆಂಡು ಮುಟ್ಟಿದವನಲ್ಲ. ಆದರೆ ಆಟದ ಬಗ್ಗೆ ತನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂದು ಅವನೇ ಎಲ್ಲರಿಗೂ ಹೇಳಿಕೊಂಡಿದ್ದ. ಒಳ್ಳೆಯವನೇ ಪಾಪ. ಆದರೆ ಒಂದು ಮಾತು ಆಡಿದನೆಂದರೆ ಅದನ್ನು ಎಲ್ಲರೂ ಆ ಕ್ಷಣವೇ ಒಪ್ಪಿಬಿಡಬೇಕು. ಒಪ್ಪದಿದ್ದರೆ ಅವನಿಗೆ ಅಂದು ನೊಣವೂ ರುಚಿಸುತ್ತಿರಲಿಲ್ಲ.

ಒಂದು ಬೆಳಗ್ಗೆ ಏರಿಯ ತುಂಬ ಹೊಸ ಸುದ್ದಿ ಹರಡಿತು. ಕೆರೆಯ ತಂಡದಲ್ಲಿ ಚೆಂಡನ್ನು ಮುಂದಕ್ಕೆ ತರುವ ಕೆಲಸ ಮೊಲದ್ದು. ಮೊಲಕ್ಕೆ ವಯಸ್ಸಾಗುತ್ತಿತ್ತು. ಅದಕ್ಕೆಂದು ತಂಡದ ನಾಯಕ, ಮುಸುವ ಭರಮಣ್ಣ, ಕೆಂಚ ಎಂಬ ಮುಂಗುಸಿ ಮರಿಯನ್ನು ಸೇರಿಸಿಕೊಂಡಿದ್ದ. ಆಡುವುದಕ್ಕಲ್ಲ, ಸದ್ಯಕ್ಕೆ ಕಲಿಯುವುದಕ್ಕೆ.

"ಆ ಮರಿಯನ್ನಾ?" ಸಾಕವ್ವ ಕತ್ತು ಉದ್ದ ಮಾಡಿ ನೋಡಿದಳು. "ಅದು ಪೂರ್ತಿ ಎದ್ದು ನಿಂತರೂ ನನ್ನ ಮೊಣಕಾಲು ಮುಟ್ಟೋದಿಲ್ಲ. ಗುಡ್ಡದ ತಂಡದ ಕಾಡುಹಂದಿ ಸೀನಿದರೆ ಕೆರೆಗೆ ಬಂದು ಬೀಳುತ್ತೆ ಅಷ್ಟೆ."

"ಎತ್ತರ ಇಟ್ಕೊಂಡು ಏನು ಮಾಡ್ತೀಯ ಸಾಕವ್ವ?" ಎಂದ ಚೆನ್ನಿಗಪ್ಪ. "ನಾನು ನೋಡಿದೀನಿ. ಮುಂಜಾನೆ ಒಬ್ಬನೇ ಚೆಂಡು ಉರುಳಿಸ್ತಿದ್ದ. ಅದೇನು ಓಟ! ಚೆಂಡು ಎಲ್ಲಿ, ಮುಂಗುಸಿ ಎಲ್ಲಿ ಅಂತ ನನ್ನ ಕಣ್ಣಿಗೇ ಗೊತ್ತಾಗಲಿಲ್ಲ. ಬರೆದಿಟ್ಕೋ, ಇಂಥ ಆಟಗಾರ ಈ ಕೆರೆಗೆ ಹಿಂದೆ ಬಂದಿಲ್ಲ."

"ಬಂದಾಗ ನೋಡೋಣ ಬಿಡು. ಮೊಲಕ್ಕೆ ಬದಲು ಬೇಕಿತ್ತು ಅಂದ್ರೆ ಬೆಳೆದ ನರಿನೋ ನಾಯಿನೋ ತರಬೇಕಿತ್ತು. ಕೂಸನ್ನ ತಂದು ಕೂರಿಸಿಕೊಂಡು ಯಾವಾಗ ಗೆಲ್ಲೋದು?"

ಅಲ್ಲಿಂದ ಶುರುವಾಯಿತು ನೋಡಿ! ಬೆಳಗಾದರೆ ಅದೇ ಮಾತು, ಬೈಗಾದರೂ ಅದೇ ಮಾತು. ಏರಿಯ ಮೇಲೆ ಎರಡು ಪಕ್ಷಗಳಾದವು. ಏಡಿಗಳೆಲ್ಲ ಸಾಕವ್ವನ ಕಡೆ, ಕಪ್ಪೆಗಳೆಲ್ಲ ಚೆನ್ನಿಗಪ್ಪನ ಕಡೆ. ಆಮೆ ಮಾತ್ರ ಎರಡೂ ಕಡೆಯವರ ಮಾತಿಗೆ ಹೌದು ಹೌದು ಎಂದು ತಲೆಯಾಡಿಸಿ ಚಿಪ್ಪಿನೊಳಗೆ ಸೇರಿಕೊಳ್ಳುತ್ತಿತ್ತು.

ಕೊನೆಗೆ ಚೆನ್ನಿಗಪ್ಪ ನೇರವಾಗಿ ಭರಮಣ್ಣನ ಬಳಿಗೇ ಹೋದ.

"ಭರಮಣ್ಣ, ಆ ಹುಡುಗನ್ನ ಯಾವಾಗ ಇಳಿಸ್ತೀಯ?"

ಭರಮಣ್ಣ ಬಾಲ ನೀವಿಕೊಳ್ಳುತ್ತಾ ಹೇಳಿದ: "ಅವನಿಗೆ ಬಲಕ್ಕೆ ತಿರುಗೋದು ಮಾತ್ರ ಬರುತ್ತೆ ಚೆನ್ನಿಗಪ್ಪ. ಎಡಕ್ಕೆ ತಿರುಗಿದರೆ ಚೆಂಡು ಕೈ ಬಿಟ್ಟುಹೋಗುತ್ತೆ. ಕಲೀತಿದಾನೆ. ಕಲಿತ ದಿನ ನಾನೇ ಇಳಿಸ್ತೀನಿ."

"ಅಷ್ಟು ವೇಗ ಇರೋವಾಗ ಎಡ ಯಾಕೆ, ಬಲ ಯಾಕೆ?"

"ಅದು ಕಾಡುಹಂದಿಯ ಎದುರು ನಿಂತಾಗ ಗೊತ್ತಾಗುತ್ತೆ," ಎಂದು ಭರಮಣ್ಣ ನಕ್ಕು ಮರ ಹತ್ತಿದ.

ಚೆನ್ನಿಗಪ್ಪನಿಗೆ ಈ ಉತ್ತರ ಹಿಡಿಸಲಿಲ್ಲ. ಏರಿಗೆ ವಾಪಸು ಬಂದವನು ಈ ವಿಷಯವನ್ನು ಯಾರಿಗೂ ಹೇಳಲೂ ಇಲ್ಲ. ಹೇಳಿದ್ದರೆ ಸಾಕವ್ವ ಸುಮ್ಮನೆ ಬಿಡುತ್ತಿದ್ದಳೇ?

ಗುಡ್ಡದ ತಂಡದ ಜೊತೆ ಪಂದ್ಯದ ದಿನ ಬಂತು. ಈಗ ಆ ಕೆರೆಯ ಒಂದು ಪದ್ಧತಿಯನ್ನು ನಿಮಗೆ ಹೇಳಬೇಕು. ಚೆಂಡಿಗೆ ಬಳ್ಳಿ ಸುತ್ತುವವರು, ಬಯಲಿನ ಮುಳ್ಳು ಆಯುವವರು ಎಲ್ಲರೂ ಏರಿಯ ಮೇಲೆ ಕೂರುವವರೇ. ಹಾಗಾಗಿ ಆಟದಲ್ಲಿ ಅವರಿಗೂ ಒಂದು ಪಾಲು. ಪಂದ್ಯಕ್ಕೆ ಒಂದು ಸಲ ಅವರು ಹೊರಗೆ ಕುಳಿತ ಯಾವ ಆಟಗಾರನ ಹೆಸರನ್ನಾದರೂ ಒಟ್ಟಾಗಿ ಕೂಗಬಹುದು. ಕೂಗಿದರೆ ನಾಯಕ ಅವನನ್ನು ಇಳಿಸಲೇಬೇಕು. ಇದಕ್ಕೆ ಏರಿಯ ಕೂಗು ಎಂದು ಹೆಸರು. ಸಾಮಾನ್ಯವಾಗಿ ಯಾರಿಗಾದರೂ ಪೆಟ್ಟಾಗಿ ನಾಯಕ ಗಮನಿಸದೆ ಇದ್ದಾಗ ಮಾತ್ರ ಅವರು ಕೂಗುತ್ತಿದ್ದರು.

ಆ ದಿನ ಆಟ ಚೆನ್ನಾಗಿಯೇ ನಡೆದಿತ್ತು. ಮೊಲ ನಿಧಾನವಾದರೂ ಜೋಪಾನವಾಗಿ ಚೆಂಡು ತಂದುಕೊಡುತ್ತಿತ್ತು, ಭರಮಣ್ಣ ಬುಟ್ಟಿಗೆ ಹಾಕುತ್ತಿದ್ದ. ಕೆರೆಯ ತಂಡ ಒಂದು ಬುಟ್ಟಿ ಮುಂದೆಯೇ ಇತ್ತು. ಸಾಕವ್ವ ಚೆನ್ನಿಗಪ್ಪನ ಕಡೆ ಓರೆಗಣ್ಣಲ್ಲಿ ನೋಡಿದಳು.

"ನಿನ್ನ ಮಹಾವೀರ ಎಲ್ಲಪ್ಪ? ಅಲ್ಲಿ ಕೂತು ಬಾಲ ಕಚ್ಕೊಳ್ತಿದಾನಲ್ಲ, ಅವನೇ ತಾನೆ?"

ಏಡಿಗಳು ಕಿಸಕ್ಕನೆ ನಕ್ಕವು. ಚೆನ್ನಿಗಪ್ಪನ ಗಂಟಲು ಉಬ್ಬಿತು. ಇವತ್ತೇ, ಈಗಲೇ ಇವರ ಬಾಯಿ ಮುಚ್ಚಿಸಬೇಕು ಅನ್ನಿಸಿತು. ಹಿಂದುಮುಂದು ನೋಡದೆ ಗಂಟಲು ಬಿಟ್ಟು ಕೂಗಿಯೇಬಿಟ್ಟ.

"ಕೆಂಚಾ!"

ಕಪ್ಪೆಗಳ ಸಂಗತಿ ನಿಮಗೆ ಗೊತ್ತಲ್ಲ. ಒಂದು ಶುರುಮಾಡಿದರೆ ಉಳಿದವು ಯಾಕೆ ಏನು ಎಂದು ಕೇಳುವುದಿಲ್ಲ. "ಕೆಂಚಾ! ಕೆಂಚಾ! ಕೆಂಚಾ!" ಕೆರೆಗೆ ಕೆರೆಯೇ ಕೂಗಿತು.

ಭರಮಣ್ಣ ಏರಿಯ ಕಡೆ ಒಮ್ಮೆ ನೋಡಿದ. ಮೊಲವನ್ನು ಹೊರಗೆ ಕರೆದು ಕೆಂಚನ ಬೆನ್ನು ತಟ್ಟಿ ಒಳಗೆ ಕಳಿಸಿದ.

ಮೊದಲ ಸಲ ಕೆಂಚ ಚೆಂಡು ತಂದದ್ದನ್ನು ನೀವು ನೋಡಬೇಕಿತ್ತು! ಬಲಕ್ಕೆ ಚಕ್ಕನೆ ತಿರುಗಿದ, ಕಾಡುಹಂದಿ ಕಣ್ಣು ಬಿಡುವಷ್ಟರಲ್ಲಿ ಅದರ ಹೊಟ್ಟೆಯ ಪಕ್ಕದಲ್ಲೇ ನುಸುಳಿ ಹೋದ. ಚೆನ್ನಿಗಪ್ಪ ಕುಳಿತಲ್ಲೇ ಮೂರು ಲಾಗ ಹಾಕಿದ. "ನೋಡಿದ್ಯಾ? ನೋಡಿದ್ಯಾ ಸಾಕವ್ವ?"

ಆದರೆ ಕಾಡುಹಂದಿಗೆ ಕೊಬ್ಬು ಇದ್ದಷ್ಟೇ ಬುದ್ಧಿಯೂ ಇತ್ತು. ಎರಡನೇ ಸಲ ಅದು ಬಲಗಡೆಯನ್ನು ತಡೆದು ಸುಮ್ಮನೆ ನಿಂತುಬಿಟ್ಟಿತು. ಕೆಂಚ ಬಲಕ್ಕೆ ಹೋದ, ಹಂದಿ ಇತ್ತು. ಇನ್ನೂ ಬಲಕ್ಕೆ ಹೋದ, ಆಗಲೂ ಹಂದಿ ಇತ್ತು. ಎಡಗಡೆ ಬಯಲೆಲ್ಲ ಖಾಲಿ! ಆದರೆ ಆ ಕಡೆ ತಿರುಗಲು ಮರಿಗೆ ಬರಬೇಕಲ್ಲ? ಚೆಂಡು ಹಂದಿಯ ಪಾಲಾಯಿತು. ಮತ್ತೊಮ್ಮೆಯೂ ಹಾಗೇ ಆಯಿತು. ಕೊನೆಗೆ ಕೆಂಚ ಗಾಬರಿಯಾಗಿ ಬಲಕ್ಕೆ, ಬಲಕ್ಕೆ, ಬಲಕ್ಕೆ ಸುತ್ತಿ ದಿಕ್ಕೇ ತಪ್ಪಿಹೋದ. ಚೆಂಡನ್ನು ಉರುಳಿಸಿಕೊಂಡು ಬಯಲು ದಾಟಿ, ಎಲ್ಲರೂ ನೋಡನೋಡುತ್ತಿದ್ದಂತೆ ಚೆಂಡಿನ ಸಮೇತ ಕೆರೆಯ ಕೆಸರಿಗೆ ಬಿದ್ದ.

ಗುಡ್ಡದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಏರಿಯವರೂ ನಕ್ಕರು, ಕಪ್ಪೆಗಳೂ ನಕ್ಕವು. ಕೆಸರಿನಿಂದ ಎದ್ದ ಕೆಂಚ ಯಾರ ಮುಖವನ್ನೂ ನೋಡದೆ ತೋಪಿನಾಚೆ ಓಡಿಹೋದ. ಕೆರೆಯ ತಂಡ ಪಂದ್ಯ ಸೋತಿತು.

ಈಗ ಸಾಕವ್ವ ಚೆನ್ನಾಗಿ ಹಂಗಿಸುತ್ತಾಳೆ ಎಂದು ಚೆನ್ನಿಗಪ್ಪ ತಲೆ ತಗ್ಗಿಸಿ ಕಾದ. ಆದರೆ ಅವಳ ಮುಖವೂ ಬಾಡಿತ್ತು.

"ನಮ್ಮಿಬ್ಬರ ಜಗಳಕ್ಕೆ ಆ ಕೂಸನ್ನ ಬಲಿ ಹಾಕಿದ್ವಲ್ಲೋ," ಎಂದಳು. "ಮೊಲ ಹೇಳ್ತಿತ್ತು. ಅವನು ಅಜ್ಜಿ ಮನೆಗೆ ಹೊರಟುಹೋಗ್ತಾನಂತೆ. ಇನ್ನು ಚೆಂಡು ಮುಟ್ಟೋದಿಲ್ಲವಂತೆ."

ಮುಂಜಾನೆ ಒಬ್ಬನೇ ಚೆಂಡು ಉರುಳಿಸುತ್ತಾ ಎಷ್ಟು ಸಂತೋಷವಾಗಿದ್ದ ಆ ಮರಿ! ಆ ಸಂತೋಷವನ್ನು ತಾನೇ ಕೈಯಾರೆ ಹಾಳುಮಾಡಿದೆನಲ್ಲ ಎಂದು ಚೆನ್ನಿಗಪ್ಪನಿಗೆ ಅಳುವೇ ಬಂತು. ಕುಪ್ಪಳಿಸುತ್ತಾ ಏರಿ ಇಳಿದ.

"ಎಲ್ಲಿಗೋ?" ಎಂದಳು ಸಾಕವ್ವ.

"ಕೆಂಚನ ಬಿಲಕ್ಕೆ."

"ಅದು ತೋಪಿನಾಚೆ ಇದೆ ಕಣೋ! ಅಲ್ಲಿ ನಿಯಮ ಇಲ್ಲ. ಅವನು ಮುಂಗುಸಿ, ನೀನು ಕಪ್ಪೆ!"

"ಗೊತ್ತು," ಎಂದ ಚೆನ್ನಿಗಪ್ಪ. ಒಮ್ಮೆ ಹಿಂದಿರುಗಿ ಕೆರೆಯ ಕಡೆ ನೋಡಿದ. ಆದರೂ ಹೋದ.

ಬಿಲದ ಬಾಯಲ್ಲಿ ನಿಂತು ಕರೆದ. "ಕೆಂಚಾ, ನಾನು ಚೆನ್ನಿಗಪ್ಪ ಕಣೋ. ಮೊದಲು ಕೂಗಿದವನು."

ಒಳಗಿನಿಂದ ಮೂಗು ಎಳೆದುಕೊಳ್ಳುವ ಸದ್ದು ಬಂತು. ಆಮೇಲೆ ಸಣ್ಣ ದನಿ. "ಮಾಮ, ನನಗೆ ಎಡಕ್ಕೆ ತಿರುಗೋಕೆ ಬರಲ್ಲ ಅಂತ ನಿಮಗೆ ಗೊತ್ತಿರಲಿಲ್ಲ ಅಲ್ವಾ?"

ಗೊತ್ತಿರಲಿಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಚೆನ್ನಿಗಪ್ಪ ನಿಜವನ್ನೇ ಹೇಳಿದ.

"ಗೊತ್ತಿತ್ತಪ್ಪ. ಭರಮಣ್ಣ ಹೇಳಿದ್ದ."

"ಗೊತ್ತಿದ್ದೂ ಕೂಗಿದ್ರಾ?"

"ಕೂಗಿದೆ. ಸಾಕವ್ವನ ಎದುರು ನನ್ನ ಮಾತು ಗೆಲ್ಲಬೇಕಿತ್ತು. ನಿನ್ನ ಬಗ್ಗೆ ಯೋಚನೆನೇ ಮಾಡಲಿಲ್ಲ. ಇವತ್ತು ತಪ್ಪು ಮಾಡಿದವನು ನೀನಲ್ಲ, ನಾನು."

ಬಿಲದಿಂದ ಕೆಸರು ಮೆತ್ತಿದ ಮೂತಿಯೊಂದು ಹೊರಬಂತು. ಚೆನ್ನಿಗಪ್ಪ ಕಣ್ಣು ಮುಚ್ಚಿಕೊಂಡ. ಆದರೆ ಕೆಂಚ ಅವನನ್ನು ಒಮ್ಮೆ ಮೂಸಿ ನೋಡಿ ಪಕ್ಕದಲ್ಲಿ ಕುಳಿತುಕೊಂಡ.

"ನನ್ನ ಬಲಗಡೆ ಯಾರಾದರೂ ಅಡ್ಡ ಕೂತರೆ ಎಡಕ್ಕೆ ತಿರುಗೋದು ಅಭ್ಯಾಸ ಆಗುತ್ತೆ ಮಾಮ. ಒಬ್ಬನೇ ಆಡ್ತಾ ಇದ್ರೆ ಕಾಲು ತಾನಾಗೇ ಬಲಕ್ಕೇ ಹೋಗುತ್ತೆ."

"ನಾಳೆ ಬೆಳಗ್ಗೆಯಿಂದ ನಾನು ಕೂರ್ತೀನಿ," ಎಂದ ಚೆನ್ನಿಗಪ್ಪ.

ಕೂತ ಕೂಡ. ದಿನಾ ಮುಂಜಾನೆ ಬಯಲಿಗೆ ಬಂದು ಕೆಂಚನ ಬಲಗಡೆ ಕಲ್ಲಿನ ಹಾಗೆ ಕೂರುತ್ತಿದ್ದ. ತಪ್ಪಿದರೆ ಮಾಮನನ್ನು ತುಳಿದೇಬಿಡುತ್ತೇನೆ ಎಂಬ ಭಯಕ್ಕೆ ಕೆಂಚನ ಕಾಲು ಮೆಲ್ಲಗೆ ಎಡಕ್ಕೆ ಹೊರಳಲು ಕಲಿಯಿತು. ಮೊದಮೊದಲು ಚೆಂಡು ಎತ್ತಲೋ ಹೋಗುತ್ತಿತ್ತು. ಹೋದ ಚೆಂಡನ್ನು ಕೊಕ್ಕಿನಿಂದ ನೂಕಿ ತಂದುಕೊಡುತ್ತಿದ್ದವಳು ಯಾರೆಂದುಕೊಂಡಿರಿ? ಸಾಕವ್ವನೇ! ಕೆಲವು ದಿನ ಚೆನ್ನಿಗಪ್ಪನ ಬೆನ್ನಿಗೆ ಚೆಂಡು ಬಡಿದು ಅವನು ಅಯ್ಯಯ್ಯೋ ಎಂದು ಕಿರುಚಿದ್ದೂ ಉಂಟು. ಏರಿಯವರು ಬಂದು "ಹುಡುಗ ಹೇಗೆ? ಯಾವಾಗ ಆಡ್ತಾನೆ?" ಎಂದು ಕೇಳಿದರೆ, "ನನಗೇನು ಗೊತ್ತು, ಕಲೀತಿದಾನೆ," ಎನ್ನುತ್ತಿದ್ದ. ಮುಂಜಾನೆಯ ಆ ಹೊತ್ತು ಅವನಿಗೆ ಪಂದ್ಯಕ್ಕಿಂತ ಹೆಚ್ಚು ಇಷ್ಟವಾಗತೊಡಗಿತು.

ಮಳೆಗಾಲ ಬಂದು ಕೆರೆ ತುಂಬಿತು. ಮಳೆಗಾಲ ಮುಗಿದು ಬಯಲು ಒಣಗಿತು. ಗುಡ್ಡದವರು ಮತ್ತೆ ಪಂದ್ಯಕ್ಕೆ ಬಂದರು.

ಆಟದ ನಡುವೆ ಭರಮಣ್ಣ ತಾನಾಗಿಯೇ ಕೆಂಚನಿಗೆ ಸನ್ನೆ ಮಾಡಿದ. ಯಾರೂ ಕೂಗಿರಲಿಲ್ಲ. ಕೆಂಚ ಇಳಿದ. ಕಾಡುಹಂದಿ ಅವನನ್ನು ಕಂಡು ಮುಸಿಮುಸಿ ನಗುತ್ತಾ ಬಲಗಡೆ ಅಡ್ಡಲಾಗಿ ನಿಂತಿತು. ಕೆಂಚ ಒಂದು ಗಳಿಗೆ ನಿಂತ. ಆಮೇಲೆ ಎಡಕ್ಕೆ ತಿರುಗಿದ. ಎಷ್ಟು ಸಲೀಸಾಗಿ ತಿರುಗಿದನೆಂದರೆ ಹಂದಿ ಅವನು ಹೋದ ಮೇಲೂ ಬಲಗಡೆಯೇ ನೋಡುತ್ತಾ ನಿಂತಿತ್ತು. ಚೆಂಡು ಭರಮಣ್ಣನ ಕೈಗೆ ಹೋಯಿತು, ಅವನ ಕೈಯಿಂದ ಬುಟ್ಟಿಗೆ ಹೋಯಿತು.

ಏರಿಯ ಮೇಲೆ ಕುಣಿತವೋ ಕುಣಿತ. ಪಂದ್ಯ ಕೆರೆಯವರದ್ದಾಯಿತು. ಏಡಿಗಳು ಕೊಂಡಿ ಬಡಿದವು, ಆಮೆಯೂ ಚಿಪ್ಪಿನಿಂದ ಪೂರ್ತಿ ಹೊರಗೆ ಬಂತು. ಸಾಕವ್ವ ಚೆನ್ನಿಗಪ್ಪನ ಕಡೆ ತಿರುಗಿ ಹೇಳಿದಳು:

"ಆಯ್ತು ಮಾರಾಯ, ಒಪ್ಪಿಕೊಂಡೆ. ಎಲ್ಲರ ಎದುರೇ ಹೇಳ್ತೀನಿ ಕೇಳು. ಅವತ್ತು ನೀನು ಅಂದಿದ್ದೇ ನಿಜ, ನಾನು ಸೋತೆ."

ಚೆನ್ನಿಗಪ್ಪ ಬಯಲಿನಿಂದ ಕಣ್ಣು ಕೀಳಲಿಲ್ಲ. ಅಲ್ಲಿ ಕೆಂಚ ಸುಮ್ಮನೆ ಖುಷಿಗೆ ಚೆಂಡನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಉರುಳಿಸುತ್ತಿದ್ದ.

"ಹೌದಾ?" ಎಂದ ಚೆನ್ನಿಗಪ್ಪ. "ನಾನು ಏನಂದಿದ್ದೆ ಸಾಕವ್ವ?"

ಅವನಿಗೆ ನಿಜವಾಗಿಯೂ ಮರೆತುಹೋಗಿತ್ತು.

ನೀತಿ: ಕಲಿಯುವವರಿಗೆ ಕಲಿಯಲು ಸಮಯ ಕೊಡಬೇಕು, ನಮ್ಮ ಮಾತು ಗೆಲ್ಲಲೆಂದು ಅವರನ್ನು ಮುಂದಕ್ಕೆ ತಳ್ಳಬಾರದು.