ಬೆಂಕಿಗೆ ಹಾಸಿಗೆ ಹಾಸಿದವರು ಯಾರು?

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಚಿತ್ರಾವತಿಯವರ ಮೂರು ಒಗಟು ಬಿಡಿಸಿದವರಿಗೆ ಕೇಳಿದ ವರ. ಆಕೆ ಒಪ್ಪಿದರೆ ಆಕೆಯನ್ನೇ ಮದುವೆಯಾಗಬಹುದು. ತಪ್ಪು ಹೇಳಿದವರಿಗೆ ಹುಣ್ಣಿಮೆಯ ದಿನ ತಲೆದಂಡ. ಹೆಸರು ಬರೆಸಿದ ಮೇಲೆ ಹಿಂದೆ ಸರಿಯುವ ಹಾಗಿಲ್ಲ!"

ಹೊನ್ನೆಗಡ್ಡೆ ದ್ವೀಪದಲ್ಲಿ ಹೀಗೆ ಡಂಗುರ ಹೊಡೆದವನು ನಮ್ಮ ಮುತ್ತಜ್ಜ. ಆದ್ದರಿಂದ ಮುಂದಿನದ್ದೆಲ್ಲ ಸತ್ಯ, ನಾನು ಸೇರಿಸಿದ್ದನ್ನು ಬಿಟ್ಟರೆ.

ದ್ವೀಪದ ನಡುವೆ ಒಂದು ಎತ್ತರದ ಬೆಟ್ಟ. ಅದರ ಮೂಡಣ ಮಗ್ಗುಲು ವರ್ಷವಿಡೀ ಹಸಿರು. ಪಡುವಣ ಮಗ್ಗುಲಲ್ಲಿ ಊರು, ಅರಮನೆ. ಮೂರು ಬೇಸಿಗೆಯಿಂದ ಬೆಂಕಿ ಬೆಟ್ಟವಿಳಿದು ಬಂದು ಮನೆಗಳನ್ನು ನುಂಗುತ್ತಿತ್ತು. ಯಾಕೆಂದು ರಾಜಕುಮಾರಿಗೆ ಗೊತ್ತಿತ್ತು. ಅಪ್ಪ ವಿಜಯಭುಜ ಮಹಾರಾಜನಿಗೆ ಹೇಳಹೋದರೆ, "ಮದುವೆಯ ಮಾತಿದ್ದರೆ ಆಡು ಮಗಳೇ, ಬೆಂಕಿಯದ್ದು ಬೇಡ" ಎನ್ನುತ್ತಿದ್ದ. "ಸರಿ, ಮದುವೆಯ ಪಂಥದಲ್ಲೇ ಕೇಳುತ್ತೇನೆ" ಎಂದಳು ಆಕೆ. ತಲೆದಂಡದ ಮಾತು ಸೇರಿಸಿದ್ದು ಮಾತ್ರ ರಾಜ, ನೂಕುನುಗ್ಗಲು ಕಡಿಮೆಯಾಗಲೆಂದು. ಆಗಿಯೇಬಿಟ್ಟಿತು. ಸಾಲಿನಲ್ಲಿ ನಿಂತವರು ಮೂರೇ ಜನ.

ಮೂರನೆಯವನು ತನಿಯ, ಆಡು ಕಾಯುವವನು. ಅವನ ಹತ್ತೊಂಬತ್ತು ಆಡುಗಳು ರಾಜಬೇಣಕ್ಕೆ ನುಗ್ಗಿದ್ದವು. ರಾಜಬೇಣವೆಂದರೆ ಊರಿನ ನೆತ್ತಿಯ ಮೇಲಿದ್ದ ಹುಲ್ಲಿನ ಇಳಿಜಾರು. ಏಳು ಜಿಂಕೆಗಳ ಬೇಟೆಗಾಗಿ ರಾಜ ಬೇಲಿ ಹಾಕಿಸಿ ಕಾವಲಿಟ್ಟ ಜಾಗ. ಕಾವಲಿನವರು ಆಡುಗಳನ್ನು ದೊಡ್ಡಿಗೆ ಕೂಡಿದ್ದರು. ಅವನ್ನು ಬಿಡಿಸಲು ಬಂದ ತನಿಯ ಇದೇ ದೂರು ಹೇಳುವ ಸಾಲೆಂದುಕೊಂಡು ಹೆಸರು ಬರೆಸಿಬಿಟ್ಟ.

"ಅಯ್ಯೋ, ನನಗೆ ಮದುವೆ ಬೇಡ, ಆಡು ಸಾಕು!" ಎಂದ.

"ಈಗ ತಲೆ ಬೇಕೋ ಬೇಡವೋ ಯೋಚಿಸು" ಎಂದ ಬರೆದುಕೊಂಡವನು.

ಮೊದಲು ಬಂದವನು ಸೇನಾಪತಿ ರಣಧವಳ.

"ನಾಲ್ಕು ತಿಂಗಳು ಬೆಂಕಿಗೆ ಉಣಬಡಿಸುತ್ತಾನೆ, ಆದರೂ ಬೆಂಕಿಯ ವೈರಿ ಅನ್ನಿಸಿಕೊಳ್ಳುತ್ತಾನೆ. ಯಾರು?" ಎಂದಳು ರಾಜಕುಮಾರಿ.

"ಎಣ್ಣೆ ಮಾರುವವ!" ಎಂದು ಮೀಸೆ ತಿರುವಿದ ಸೇನಾಪತಿ. ಮೀಸೆ ತಿರುವಿದ ಕೈಗೇ ಬೇಡಿ ಬಿತ್ತು.

ಎರಡನೆಯವನು ಆಸ್ಥಾನದ ಜೋಯಿಸ ನರಹರಿ. ಅದೇ ಒಗಟಿಗೆ ಬೆರಳೆಣಿಸಿ ಎಣಿಸಿ, "ಮಳೆ" ಎಂದ. ಸಭೆ ಚಪ್ಪಾಳೆ ತಟ್ಟಿತು.

"ಮೂಡಣದಿಂದ ಒದ್ದೆ ಬಟ್ಟೆಯಲ್ಲಿ ಬೆಟ್ಟ ಹತ್ತುವ ಅತಿಥಿ, ಪಡುವಣಕ್ಕೆ ಇಳಿಯುವಾಗ ಬಾಯಾರಿ ಕಂಡದ್ದನ್ನೆಲ್ಲ ಹೀರುತ್ತಾನೆ. ಯಾರವನು?"

"ಸೂರ್ಯನಾರಾಯಣ!"

"ಸೂರ್ಯ ಯಾವತ್ತು ಒದ್ದೆಯಾದ, ಜೋಯಿಸರೇ?"

ಅವನನ್ನೂ ಎಳೆದೊಯ್ದರು. ಈಗ ತನಿಯನ ಸರದಿ. ಮನೆಯಲ್ಲಿ ಅಮ್ಮ ಒಬ್ಬಳೇ.

"ಮೊದಲನೆಯದು ಮಳೆ ಅಂತ ಅವರೇ ಹೇಳಿದ್ದಾರಲ್ಲ" ಎಂದ ಮೆಲ್ಲಗೆ.

"ಯಾಕೆ ಮಳೆ? ಅದನ್ನು ಹೇಳು."

"ಮಳೆ ಜೋರಾದ ವರ್ಷ ಹುಲ್ಲು ಎದೆಮಟ್ಟ ಬೆಳೀತದೆ, ಅಮ್ಮಾವ್ರೆ. ಬೇಸಿಗೆಗೆ ಅದೆಲ್ಲ ಸೌದೆ. ಮಳೆ ಕಡಿಮೆಯಾದರೆ ಬೆಂಕಿಗೂ ಅರೆಹೊಟ್ಟೆ."

"ಎರಡನೆಯದು?"

"ಗಾಳಿ. ಬೆಟ್ಟದ ಆ ಕಡೆ ಹೋದರೆ ನನ್ನ ಆಡುಗಳ ಮೈ ತೊಯ್ದು ಬರ್ತದೆ. ಗಾಳಿ ತನ್ನ ನೀರನ್ನೆಲ್ಲ ಅಲ್ಲೇ ಇಳಿಸಿಬಿಡ್ತದೆ. ನೆತ್ತಿ ದಾಟಿ ಈ ಕಡೆ ಇಳಿಯುತ್ತ ಇಳಿಯುತ್ತ ಬಿಸಿಯಾಗ್ತದೆ, ತುಟಿ ಒಡೀತದೆ. ಅದು ಎದ್ದ ದಿನ ನಮ್ಮ ಕೇರಿಯಲ್ಲಿ ಯಾರೂ ಒಲೆ ಹಚ್ಚೋದಿಲ್ಲ. ತಂಗಳನ್ನವೇ ಗತಿ."

ರಾಜಕುಮಾರಿ ಅಪ್ಪನ ಕಡೆ ಒಮ್ಮೆ ನೋಡಿ ಕೇಳಿದಳು. "ಬೆಂಕಿ ಬರುವ ಮೊದಲೇ ಅದಕ್ಕೆ ಹಾಸಿಗೆ ಹಾಸಿ, ಯಾರೂ ಮುಟ್ಟದ ಹಾಗೆ ಕಾವಲಿಟ್ಟವರು ಯಾರು?"

ತನಿಯನಿಗೆ ತಟ್ಟನೆ ಹೊಳೆಯಿತು. ಹೊಳೆದದ್ದಕ್ಕೇ ಬೆವರಿದ. ಹೇಳಿದರೆ ರಾಜ ಬಿಡಲಾರ, ಹೇಳದಿದ್ದರೆ ಹುಣ್ಣಿಮೆ ಬಿಡಲಾರದು.

"ಬುದ್ಧಿ, ತಾವೇ" ಎಂದುಬಿಟ್ಟ. "ರಾಜಬೇಣದ ಹುಲ್ಲು ಕೊಯ್ಯುವ ಹಾಗಿಲ್ಲ, ಮೇಯಿಸುವ ಹಾಗಿಲ್ಲ. ಏಳು ಜಿಂಕೆ ಎಷ್ಟು ತಿಂದಾವು? ಮಿಕ್ಕಿದ್ದೆಲ್ಲ ಒಣಗಿ ನಿಲ್ತದೆ. ಎಲ್ಲಿಂದಲೋ ಒಂದು ಕಿಡಿ, ಮೇಲಿಂದ ಆ ಗಾಳಿ. ಕೆಳಗೆ ನಮ್ಮ ಮನೆಗಳು."

ರಾಜನ ಕೈ ಕತ್ತಿಯ ಹಿಡಿಗೆ ಹೋಯಿತು. "ಎಷ್ಟು ಕೊಬ್ಬು!"

"ತಲೆದಂಡ ತಪ್ಪು ಉತ್ತರಕ್ಕೆ, ಅಪ್ಪಾಜಿ" ಎಂದಳು ಮಗಳು. "ಇದು ಸರಿಯುತ್ತರ."

ರಾಜ ಮುಖ ತಿರುಗಿಸಿದ. ಕಿಟಕಿಯಾಚೆ ಸುಟ್ಟ ಮನೆಗಳ ಗೋಡೆಗಳು ಕಾಣುತ್ತಿದ್ದವು. ಕತ್ತಿಯಿಂದ ಕೈ ತೆಗೆದ. "ಏನು ಬೇಕೋ ಕೇಳಪ್ಪ."

"ಆಡು ಬಿಡಿಸಿಕೊಡಿ. ಬೇಣದ ಬೇಲಿ ತೆಗೆಸಿ. ಆಮೇಲೆ ಆ ಇಬ್ಬರನ್ನೂ ಬಿಟ್ಟುಬಿಡಿ, ಪಾಪ."

ಬಿಡುಗಡೆಯಾಗಿ ಬಂದ ಜೋಯಿಸ ತನಿಯನ ಕಾಲಿಗೆ ಬಿದ್ದ. ಸೇನಾಪತಿ ಆಮೇಲೆ ಬದುಕಿರುವವರೆಗೂ ತನಿಯನನ್ನು ಕಂಡಾಗಲೆಲ್ಲ ಕುತ್ತಿಗೆ ಸವರಿಕೊಂಡು ಕೈಮುಗಿಯುತ್ತಿದ್ದ. ತನಿಯನಿಗೂ ರಾಜಕುಮಾರಿಗೂ ಮದುವೆಯಾಯಿತೇ? ಹನ್ನೊಂದು ಲಾಡು ತಿಂದೆ ಎನ್ನುತ್ತಿದ್ದ ನಮ್ಮ ಮುತ್ತಜ್ಜ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಮುಂದಿನ ಬೇಸಿಗೆಗೆ ಮತ್ತೆ ಒಣಗಾಳಿ ಎದ್ದಿತು, ಮತ್ತೆ ಬೆಟ್ಟದ ನೆತ್ತಿಯಲ್ಲಿ ಬೆಂಕಿ ಕಂಡಿತು. ಊರಿಗೆ ಊರೇ ಉಸಿರು ಬಿಗಿಹಿಡಿದು ನೋಡಿತು. ಬೆಂಕಿ ಧುಮುಕುತ್ತ ರಾಜಬೇಣದ ಅಂಚಿಗೆ ಬಂತು. ಅಲ್ಲಿ ಬೇಲಿ ತೆಗೆದ ಮೇಲೆ ಆಡುಗಳು ಮೇಯ್ದು ಬೋಳಾದ ನೆಲ. ಅತ್ತ ತಡಕಿತು, ಇತ್ತ ತಡಕಿತು, ಸಂಜೆಯೊಳಗೆ ಹೊಗೆಯಾಗಿ ಸತ್ತಿತು.

ರಾಜ ಬರಿಗಾಲಲ್ಲಿ ಬೆಟ್ಟ ಹತ್ತಿ ಬಂದು ಎಲ್ಲರೆದುರು ತನಿಯನಿಗೆ ಕೈಮುಗಿದ. "ನನ್ನ ಊರು ಉಳಿಸಿದೆಯಪ್ಪ."

ತನಿಯ ನಾಚಿ ನೀರಾದ. "ಮೇಯ್ದದ್ದು ಅವು, ಬುದ್ಧಿ. ನಾನು ಹಿಂದೆ ನಡೆದೆ ಅಷ್ಟೆ."

ರಾಜ ತಿರುಗಿ ಆಡುಗಳಿಗೂ ಕೈಮುಗಿದ. ಒಂದು ಆಡು ಮುಂದೆ ಬಂದು ಅವನ ರೇಷ್ಮೆ ಶಾಲಿನ ಅಂಚನ್ನು ಅಗಿಯತೊಡಗಿತು. ಅದು ತಿಂದು ಮುಗಿಸುವವರೆಗೂ ರಾಜ ಅಲುಗದೆ ನಿಂತಿದ್ದ.