ತಪ್ಪೊಪ್ಪಿದ ಗುಡ್ಡ

ಮೇಗಲಹಟ್ಟಿಗೂ ಕೆಳಗಲಹಟ್ಟಿಗೂ ನಡುವೆ ಒಂದು ಬೋಳುಗುಡ್ಡವಿದೆ; ಅದರ ಬುಡದಲ್ಲೇ ಹಳ್ಳ ಹರಿಯುತ್ತದೆ. ಗುಡ್ಡದ ಮುಂದೆ ನಿಂತು ಕೂಗಿದರೆ ಕೊನೆಯ ಮಾತನ್ನು ಅದು ತಿರುಗಿ ಹೇಳುತ್ತದೆ. ಬಂದವರೆಲ್ಲ ತಮ್ಮ ಹೆಸರು ಕೂಗಿ ನಗುತ್ತಾರೆ, ನಗಲಿ, ಪಾಪ. ಹಿಂದಿನವರಿಗೆ ಮಾತ್ರ ಅದು ಗುಡ್ಡದಪ್ಪನ ದನಿ. ಮದುವೆಯ ಮಾತಾಗಲಿ, ಗಡಿಯ ಜಗಳವಾಗಲಿ, ಅಲ್ಲಿ ನಿಂತು ಕೂಗಬೇಕು. ಗುಡ್ಡ ತಿರುಗಿ ಹೇಳಿದರೆ ಅಪ್ಪ ಒಪ್ಪಿದನೆಂದೇ ಲೆಕ್ಕ. ಸುಳ್ಳು ಕೂಗಿದವನ ನಾಲಗೆ ಬಿದ್ದುಹೋಗುತ್ತದೆಂಬ ಭಯಕ್ಕೆ ಯಾರೂ ಸುಳ್ಳಾಡುತ್ತಿರಲಿಲ್ಲ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯ ಪಾಳೆಯಗಾರನ ಕಣ್ಣು ಮೇಗಲಹಟ್ಟಿಯ ಕೆರೆಯ ಮೇಲೆ ಬಿತ್ತು. ಸುಮ್ಮನೆ ಕಿತ್ತುಕೊಂಡರೆ ಜನ ಬಿಟ್ಟಾರೆಯೇ? ಅವನಿಗೊಬ್ಬ ಮಂತ್ರಿ, ತಿಪ್ಪರಸ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವವನು. ಆ ವರ್ಷ ಕೆಳಗಲಹಟ್ಟಿಯಲ್ಲಿ ರೋಗ ಬಿದ್ದು ದನಗಳು ಸತ್ತಿದ್ದವು. ಎರಡೂ ಹಟ್ಟಿಗಳನ್ನು ಕಾದಾಡಿಸಿದರೆ ಕೆರೆ ತಾನಾಗಿ ಕೈಸೇರುತ್ತದೆಂದು ತಿಪ್ಪರಸ ಆ ಊರಿನ ಡಂಗುರದ ದುಗ್ಗಣ್ಣನನ್ನು ಕರೆಸಿ, "ಚಾವಡಿಯಲ್ಲಿ ಬೇಡ, ಗುಡ್ಡದ ಮುಂದೆ ಸಾರು" ಎಂದ. ಮೊದಲು, ಮೇಗಲಹಟ್ಟಿಯವರು ಹಳ್ಳಕ್ಕೆ ವಿಷ ಹಾಕಿದರಂತೆ ಎಂದು ಸಾರಿಸಿದ. ಆಮೇಲೆ, ಹಾಕಿದರು ಎಂದು. ಕೊನೆಗೆ, ನಿಮ್ಮ ಮಕ್ಕಳಿಗೂ ಹಾಕುತ್ತಾರೆ ಎಂದು. ಪ್ರತಿ ಸಲವೂ ಗುಡ್ಡ ತಿರುಗಿ ಹೇಳಿತು. ದುಗ್ಗಣ್ಣನ ಮಗಳು ಬೋರಕ್ಕನನ್ನು ಕೊಟ್ಟದ್ದು ಮೇಗಲಹಟ್ಟಿಗೇ. ಆದರೂ, ಮಾತು ಅರಸನದು, ನನ್ನದು ಬರೀ ಬಾಯಿ ಎಂದು ಸಮಾಧಾನ ಮಾಡಿಕೊಂಡ. ನಾಲಗೆಯೂ ಬೀಳಲಿಲ್ಲ. ಅಯ್ಯೋ, ತನ್ನ ಬಾಯಿಂದ ಹೋದ ಮಾತೇ ಗುಡ್ಡದಿಂದ ಬಂದಾಗ ಅವನೂ ನಂಬಿಬಿಟ್ಟ; ಹಳ್ಳದ ನೀರು ಮುಟ್ಟುವುದನ್ನೇ ಬಿಟ್ಟ.

ಒಂದು ಮುಂಜಾನೆ ಕೆಳಗಲಹಟ್ಟಿಯವರು ಕುಡುಗೋಲು, ಪಂಜು ಹಿಡಿದು ಹೊರಟರು. ಮುಂದೆ ತಮಟೆ ಬಡಿಯುತ್ತ ದುಗ್ಗಣ್ಣ, ಹಿಂದೆ ಕುದುರೆಯ ಮೇಲೆ ತಿಪ್ಪರಸ. ಬೋರಕ್ಕ ಹುಟ್ಟಿದಾಗ ಹೆರಿಗೆ ಮಾಡಿಸಿದ್ದ ಸಿರಿಮಜ್ಜಿಯೂ ದೊಣ್ಣೆ ಹಿಡಿದಿದ್ದಳು. "ಅಲ್ಲಿ ಒಂದು ನರಪಿಳ್ಳೆಯನ್ನೂ ಬಿಡಬಾರದು" ಎಂದಳು.

"ನಮ್ಮ ಬೋರಿ, ಅಜ್ಜಿ? ತುಂಬಿದ ಬಸುರಿ ಅವಳು" ಎಂದ ದುಗ್ಗಣ್ಣ.

"ಈಗ ಅವಳೂ ಅವರವಳೇ ಅಲ್ಲವೇನೋ?"

ದುಗ್ಗಣ್ಣನಿಗೆ ಆಗ ಹೊಳೆಯಿತು. ಎತ್ತಿ ಆಡಿಸಿದ ಕೈಗಳೇ ಮಗಳನ್ನು ಕಡಿಯಲು ಹೊರಟಿದ್ದವು, ದಾರಿ ತೋರಿಸುತ್ತಿದ್ದವನು ತಾನೇ. ಗುಡ್ಡದ ಬುಡಕ್ಕೆ ಬಂದದ್ದೇ ತಮಟೆ ನಿಲ್ಲಿಸಿ, ಗಂಟಲು ಹರಿಯುವಂತೆ ಕೂಗಿದ: "ವಿಷದ ಮಾತು ಸುಳ್ಳು!"

"ಸುಳ್ಳು!" ಎಂದಿತು ಗುಡ್ಡ.

ಜನ ಇದ್ದಲ್ಲೇ ಕಲ್ಲಾದರು. ತಿಪ್ಪರಸ ಹೌಹಾರಿ ಕಿರುಚಿದ: "ಇವನನ್ನು ನಂಬಬೇಡಿ!"

"ನಂಬಬೇಡಿ!" ಎಂದಿತು ಗುಡ್ಡ.

ಸಿರಿಮಜ್ಜಿ ಕೈಮುಗಿದು, "ಅಪ್ಪಾ, ಹಾಗಾದರೆ ಯಾವುದು ನಿಜ?" ಎಂದು ಕೂಗಿದಳು. ಗುಡ್ಡವೂ ಅದನ್ನೇ ಕೇಳಿತು. ಅಷ್ಟು ದೊಡ್ಡ ಗುಡ್ಡ ತಮ್ಮಂಥ ಹುಲುಮನುಷ್ಯರನ್ನು ಕೇಳುತ್ತಿದೆಯಲ್ಲ ಎಂದು ಜನರ ಮೈ ಜುಮ್ಮೆಂದಿತು. ನಿಜ ಏನೆಂಬುದು ದುಗ್ಗಣ್ಣನಿಗೂ ತಿಳಿದಿರಲಿಲ್ಲ. ಅವನು ತಮಟೆ ಕೆಳಗಿಟ್ಟು, ಮಗಳ ಹೆಸರು ಹೇಳಿ, ಹಳ್ಳಕ್ಕಿಳಿದು ಬೊಗಸೆ ತುಂಬ ನೀರು ಕುಡಿದ. ಸಾಯುತ್ತಾನೆಂದು ಎಲ್ಲರೂ ಕಾದರು. ಬಿಸಿಲು ನೆತ್ತಿಗೇರಿತು, ಅವನು ಕೂತೇ ಇದ್ದ. ಆಗ ಸಿರಿಮಜ್ಜಿ ದೊಣ್ಣೆ ಬಿಸುಟು ಅವನ ಪಕ್ಕ ಮಂಡಿಯೂರಿ ಕುಡಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ತಿಪ್ಪರಸನ ಕುದುರೆ ಯಾವಾಗ ಹೋಯಿತೋ ಯಾರೂ ನೋಡಲಿಲ್ಲ. ದೇವರೇ ತನ್ನ ತಪ್ಪು ಒಪ್ಪಿಕೊಂಡನೆಂದು ಜನ ಅಂದು ಅದಕ್ಕೆ ತಪ್ಪೊಪ್ಪಿದ ಗುಡ್ಡವೆಂದು ಹೆಸರಿಟ್ಟರು ಎನ್ನುತ್ತಾರೆ.

ಹಳ್ಳದ ದಡದ ಬಂಡೆಯಲ್ಲಿ ಮಂಡಿಯೂರಿದ ಗುರುತಿನಂಥ ಎರಡು ಕುಳಿಗಳು ಈಗಲೂ ಕಾಣುತ್ತವೆ. ಗುಡ್ಡವೂ ಹಾಗೇ ಇದೆ, ಯಾರು ಏನು ಕೂಗಿದರೂ ಒಪ್ಪುತ್ತದೆ. ಎರಡೂ ಹಟ್ಟಿಯವರು ಮಾತ್ರ ಅದರ ಮುಂದೆ ಬಾಯಿ ತೆರೆಯುವುದಿಲ್ಲ. ಆ ಕುಳಿಗಳಲ್ಲಿ ಮಂಡಿಯೂರಿ, ನೀರು ಕುಡಿದು ಮುಂದೆ ಹೋಗುತ್ತಾರೆ.